ಶ್ವಾಸಕೋಶದ ಫೈಬ್ರೋಸಿಸ್: ಹೆಂಗಸರಿಗೆ ಅಷ್ಟು ಬಾಧಿಸುವುದಿಲ್ಲ ಅನ್ನುವುದು ನಿಜವಾ?

ತೋಟದಮನೆ, ಶಿರಸಿ

ನಮ್ಮ ಮನೆಯಲ್ಲಿ ಇಬ್ಬರಿಗೆ ಶ್ವಾಸಕೋಶದ ಫೈಬ್ರೋಸಿಸ್ ಇದೆ. ಒಬ್ಬರು ದೊಡ್ಡಪ್ಪ, ಇನ್ನೊಬ್ಬಳು ನನ್ನ ಆಯಿ, ಅಂದರೆ ಅಮ್ಮ. ಇಬ್ಬರಿಗೂ ಒಣಕೆಮ್ಮು. ಇಬ್ಬರಿಗೂ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಸ್ಕ್ಯಾನ್‌ನಲ್ಲೂ ಇಬ್ಬರ ಶ್ವಾಸಕೋಶದ ಕೆಳಭಾಗದಲ್ಲಿ ಕಲೆಗಟ್ಟಿದೆ. ಅಲ್ಲಿಂದ ಮುಂದೆ ಎಲ್ಲ ಬೇರೆ ಬೇರೆ.

ದೊಡ್ಡಪ್ಪ ಮೊದಲು ಬೀಡಿ ಸೇದುತ್ತಿದ್ದರು. ಕೆಮ್ಮು ಜಾಸ್ತಿ ಆದ ಕೂಡಲೇ ಡಾಕ್ಟರು ಸ್ಕ್ಯಾನ್ ಬರೆದುಕೊಟ್ಟರು. ಐಪಿಎಫ್ ಅಂತ ಹೆಸರೂ ಬಂತು. ಆಯಿಗೆ ಹಾಗಾಗಲಿಲ್ಲ. ಮೊದಲು ಅಸ್ತಮಾ ಅಂದರು, ಪಂಪ್ ಕೊಟ್ಟರು. ಆಮೇಲೆ ರಕ್ತ ಕಡಿಮೆ ಅಂದರು. ಆಮೇಲೆ ‘ವಯಸ್ಸಾಯ್ತಲ್ಲ, ತೂಕ ಇಳಿಸಿ’ ಅಂದರು. ಕೊನೆಗೆ ಘಟ್ಟ ಇಳಿದು ಬೇರೆ ಊರಿಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟ ತಕ್ಷಣ ಸ್ಕ್ಯಾನ್ ಮಾಡಿಸಿ ಅಂದರು. ಈಗ ರಿಪೋರ್ಟ್‌ನಲ್ಲಿ ಐಎಲ್‌ಡಿ ಅಂತ ಬರೆದಿದೆ. ಕಾರಣ ಇನ್ನೂ ಹುಡುಕುತ್ತಿದ್ದಾರೆ.

ದೊಡ್ಡಪ್ಪ ಬೇಗ ಬೇಗ ಇಳಿಯುತ್ತಿದ್ದಾರೆ, ಆಯಿ ಅಷ್ಟಿಲ್ಲ. ನೋಡಲು ಬಂದ ನೆಂಟರು ‘ಹೆಂಗಸರಿಗೆ ಇದು ಅಷ್ಟು ಬಾಧಿಸೋದಿಲ್ಲ’ ಅಂತ ಹೇಳಿ ಹೋದರು. ಅದನ್ನು ಕೇಳಿದ ಆಯಿ ಮತ್ತೆ ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯೋಕೆ ಕೂತಿದ್ದಾಳೆ. ಕೊಟ್ಟಿಗೆಗೂ ಹೋಗುತ್ತಾಳೆ. ಬೇಡ ಅಂದರೆ ಸಿಟ್ಟು.

ಆ ಮಾತು ನಿಜವಾ? ಗಂಡಸರಿಗೂ ಹೆಂಗಸರಿಗೂ ಈ ಕಾಯಿಲೆ ಬೇರೆ ಥರ ಇರುತ್ತದಾ? ಔಷಧ ಬೇರೆಯಾ? ಗೊತ್ತಿದ್ದವರು ಹೇಳಿ.

ಕುಮಟಾ ಕಿಟ್ಟು

ಬೀಡಿ ಸೇದಿದವರಿಗೆ ಬರುತ್ತದೆ, ಅಷ್ಟೇ. ಗಂಡಸರು ಸೇದುತ್ತಾರೆ, ಅದಕ್ಕೇ ಅವರಿಗೆ ಜಾಸ್ತಿ. ಇದರಲ್ಲಿ ಗಂಡು ಹೆಣ್ಣು ಎಲ್ಲಿಂದ ಬಂತು ಮಾರಾಯ್ರೆ?

ಸಿದ್ದಾಪುರ ಕೂಸು

ಕಿಟ್ಟಣ್ಣ, ನನ್ನ ಅತ್ತೆ ಜೀವಮಾನದಲ್ಲಿ ಬೀಡಿ ಮುಟ್ಟಿದವರಲ್ಲ. ಅವರಿಗೂ ಬಂತು. ‘ಸೇದೋದಿಲ್ಲ ಅಲ್ವಾ, ಹಾಗಾದರೆ ಏನೂ ಆಗಿರೋದಿಲ್ಲ’ ಅಂತ ಎಲ್ಲರೂ ಅಂದುಕೊಂಡಿದ್ದಕ್ಕೇ ಅವರ ಕಾಯಿಲೆ ಗೊತ್ತಾಗುವುದು ತಡವಾಯಿತು. ನಿಮ್ಮ ಈ ಮಾತು ಸುಮ್ನೆ ಮಾತಲ್ಲ, ಅದರಿಂದ ಜನರಿಗೆ ತೊಂದರೆ ಆಗಿದೆ.

ಹೊನ್ನಾವರದ ಪಿಜಿ

ನಾನು ಹುಬ್ಬಳ್ಳಿಯಲ್ಲಿ ಎದೆರೋಗ ವಿಭಾಗದಲ್ಲಿ ಪಿಜಿ ಓದುತ್ತಿದ್ದೇನೆ. ತೋಟದಮನೆಯವರೇ, ರಿಪೋರ್ಟ್ ನೋಡದೆ ನಿಮ್ಮ ಆಯಿಗೆ ಇಂಥದ್ದೇ ಅಂತ ನಾನು ಹೇಳುವುದಿಲ್ಲ. ಆದರೆ ನೀವು ಕೇಳಿದ ಪ್ರಶ್ನೆಗೆ ಉತ್ತರ ಇದೆ.

ಐಎಲ್‌ಡಿ ಅನ್ನುವುದು ಒಂದೇ ಕಾಯಿಲೆ ಅಲ್ಲ, ಇನ್ನೂರಕ್ಕೂ ಜಾಸ್ತಿ ಕಾಯಿಲೆಗಳ ಗುಂಪು. ಶ್ವಾಸಕೋಶದ ಗೋಡೆ ದಪ್ಪವಾಗಿ, ಕಲೆಗಟ್ಟಿ, ರಕ್ತಕ್ಕೆ ಆಮ್ಲಜನಕ ದಾಟುವುದು ಕಷ್ಟವಾಗುತ್ತದೆ. ಕಾರಣವೇ ಸಿಗದೆ ಹೀಗಾಗುವುದರಲ್ಲಿ ಮುಖ್ಯವಾದದ್ದು ಐಪಿಎಫ್. ಇದು ಅರವತ್ತು ದಾಟಿದ ಗಂಡಸರಲ್ಲಿ ಜಾಸ್ತಿ, ಸೇದಿದವರಲ್ಲಿ ಇನ್ನೂ ಜಾಸ್ತಿ. ಅಷ್ಟರ ಮಟ್ಟಿಗೆ ಕಿಟ್ಟು ಹೇಳಿದ್ದು ಸರಿ. ಹೆಂಗಸರಲ್ಲಿ ಬೇರೆ ಕಾರಣಗಳು ಜಾಸ್ತಿ: ಸಂಧಿವಾತ, ಚರ್ಮ ಬಿಗಿಯುವ ಸ್ಕ್ಲೆರೋಡರ್ಮಾ, ಕಣ್ಣು ಬಾಯಿ ಒಣಗಿಸುವ ಶೋಗ್ರನ್ಸ್ ಇಂಥ ಕಾಯಿಲೆಗಳು. ದೇಹದ ರಕ್ಷಣಾ ಪಡೆಯೇ ದೇಹದ ಮೇಲೆ ತಿರುಗಿಬೀಳುತ್ತದಲ್ಲ, ಆ ಗುಂಪು.

ಬೇಗ ಇಳಿಯುವ ವಿಷಯ. ಐಪಿಎಫ್‌ನಲ್ಲಿ ಗಂಡಸರದ್ದು ಸರಾಸರಿಯಲ್ಲಿ ಬೇಗ ಕೆಡುತ್ತದೆ, ಬದುಕುವ ಅವಧಿಯೂ ಕಡಿಮೆ. 2012ರಲ್ಲಿ ಬಂದ ‘ಗ್ಯಾಪ್’ ಅನ್ನುವ ಅಂಕ ಪದ್ಧತಿಯಲ್ಲಿ ವಯಸ್ಸು, ಊದುವ ಪರೀಕ್ಷೆಯ ಫಲಿತಾಂಶ ಇವುಗಳ ಜೊತೆ ಗಂಡಸಾಗಿದ್ದಕ್ಕೇ ಒಂದು ಅಂಕ ಸೇರಿಸುತ್ತಾರೆ. ಹೆಂಗಸರಿಗೆ ಸೊನ್ನೆ. ಅಂಕ ಜಾಸ್ತಿ ಆದಷ್ಟೂ ಅಪಾಯ ಜಾಸ್ತಿ.

ಆದರೆ ಇದು ಸರಾಸರಿ. ನಿಮ್ಮ ಆಯಿಯ ಶ್ವಾಸಕೋಶ ಹೇಗಿದೆ ಅಂತ ಸರಾಸರಿ ನೋಡಿ ಹೇಳೋಕಾಗುವುದಿಲ್ಲ. ನಿಧಾನ ಅಂದರೆ ಬಾಧಿಸುವುದಿಲ್ಲ ಅಂತಲೂ ಅಲ್ಲ. ಒಂದೇ ಮಟ್ಟದ ಕಾಯಿಲೆ ಇದ್ದರೂ ಉಸಿರಿನ ಕಷ್ಟ ಹೆಂಗಸರೇ ಜಾಸ್ತಿ ಹೇಳಿಕೊಳ್ಳುತ್ತಾರೆ. ಇನ್ನೊಂದು, ಒಂದೇ ಥರದ ಸ್ಕ್ಯಾನ್ ಇದ್ದರೂ ಗಂಡಸರಿಗೆ ಐಪಿಎಫ್ ಅಂತ ಹೆಸರಿಡುವುದು ಜಾಸ್ತಿ, ಹೆಂಗಸರಿಗೆ ಕಡಿಮೆ ಅಂತ ತೋರಿಸಿದ ಅಧ್ಯಯನವೂ ಇದೆ. ನಿಮ್ಮ ಮನೆಯಲ್ಲಿ ಆದದ್ದು ಬೇರೆ ಕಡೆಯೂ ಆಗುತ್ತದೆ.

ಕುಮಟಾ ಕಿಟ್ಟು

ಸರಿ. ಆದರೆ ಕಾರಣ ಯಾವುದಾದರೇನು, ಕಲೆ ಕಲೆಯೇ ಅಲ್ವಾ? ಔಷಧ ಒಂದೇ ಇರಬೇಕು.

ಹೊನ್ನಾವರದ ಪಿಜಿ

ಅಲ್ಲ, ಇಲ್ಲೇ ದೊಡ್ಡ ವ್ಯತ್ಯಾಸ ಇರುವುದು. ಸಂಧಿವಾತದ ಗುಂಪಿಗೆ, ಅಲರ್ಜಿಯಿಂದ ಬಂದದ್ದಕ್ಕೆ ಸ್ಟೀರಾಯ್ಡ್ ಮತ್ತು ರಕ್ಷಣಾ ಪಡೆಯನ್ನು ತಗ್ಗಿಸುವ ಮಾತ್ರೆ ಎಷ್ಟೋ ಸಲ ಉಪಯೋಗಕ್ಕೆ ಬರುತ್ತದೆ. ಐಪಿಎಫ್‌ನಲ್ಲಿ ಅದೇ ಔಷಧ ಅಪಾಯ. 2012ರಲ್ಲಿ ಅಮೆರಿಕದ ಒಂದು ಪ್ರಯೋಗದಲ್ಲಿ ಪ್ರೆಡ್ನಿಸೋನ್ ಅನ್ನುವ ಸ್ಟೀರಾಯ್ಡ್, ರಕ್ಷಣಾ ಪಡೆ ತಗ್ಗಿಸುವ ಅಜಥಿಯೋಪ್ರಿನ್, ಕಫ ಕರಗಿಸುವ ಎನ್‌ಎಸಿ ಮೂರನ್ನೂ ಒಟ್ಟಿಗೆ ಕೊಟ್ಟಾಗ ಸಾವು ಜಾಸ್ತಿ ಆಯಿತು. ಆ ಭಾಗವನ್ನು ಮಧ್ಯದಲ್ಲೇ ನಿಲ್ಲಿಸಿದರು. ಅದಕ್ಕೇ ಆಯಿಯ ಡಾಕ್ಟರು ಕಾರಣ ಹುಡುಕುತ್ತಿರುವುದು. ತಡ ಅಂತ ಬೇಜಾರು ಮಾಡಿಕೊಳ್ಳಬೇಡಿ. ದೊಡ್ಡಪ್ಪನ ಮಾತ್ರೆಯನ್ನು ಆಯಿಗೆ, ಆಯಿಯದ್ದನ್ನು ದೊಡ್ಡಪ್ಪನಿಗೆ ಕೊಡುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ತಡೆಯಿರಿ.

ಕಡಲಂಚು, ಕಾರವಾರ

ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ. ನನಗೆ ಸಂಧಿವಾತ. ಬೆಳಿಗ್ಗೆ ಎದ್ದರೆ ಬೆರಳು ಮಡಚೋಕೆ ಬರುತ್ತಿರಲಿಲ್ಲ. ಬಂಗಡೆ ಕೊಯ್ಯೋಕೆ ಕತ್ತಿ ಹಿಡಿದರೆ ಕೈ ಜಾರುತ್ತಿತ್ತು. ಅದಕ್ಕೆ ಮಾತ್ರೆ ತಿನ್ನುತ್ತಿದ್ದೆ. ಕೆಮ್ಮು ಶುರುವಾದಾಗ ಗಂಟಿಗೂ ಕೆಮ್ಮಿಗೂ ಸಂಬಂಧ ಇದೆ ಅಂತ ನನಗೆ ಯಾರೂ ಹೇಳಲಿಲ್ಲ. ಗಂಟಿನ ಡಾಕ್ಟರಿಗೆ ಕೆಮ್ಮು ಹೇಳಲಿಲ್ಲ, ಕೆಮ್ಮಿನ ಡಾಕ್ಟರಿಗೆ ಗಂಟು ಹೇಳಲಿಲ್ಲ. ಗೋವಾಕ್ಕೆ ಹೋದಾಗ ಅಲ್ಲಿ ಒಬ್ಬ ಡಾಕ್ಟರಮ್ಮ ನನ್ನ ಕೈ ನೋಡಿ ಎಲ್ಲ ಕೇಳಿದರು.

ಅಕ್ಕಂದಿರೇ, ಗಂಟು ಬಿಗಿಯುತ್ತದಾ, ಚಳಿಗೆ ಬೆರಳ ತುದಿ ಬಿಳಿಚಿ ನೀಲಿ ಆಗುತ್ತದಾ, ಕಣ್ಣು ಬಾಯಿ ಒಣಗುತ್ತದಾ, ಕೈ ಚರ್ಮ ಬಿಗಿ ಆಗಿದೆಯಾ, ಇದನ್ನೆಲ್ಲ ಎದೆ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ. ಅವರು ಕೇಳದಿದ್ದರೂ ಹೇಳಿ.

ಹೊನ್ನಾವರದ ಪಿಜಿ

ಕಡಲಂಚು ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಒಂದು ಸೇರಿಸುತ್ತೇನೆ. ಸಂಧಿವಾತ ಬರುವುದು ಹೆಂಗಸರಿಗೇ ಜಾಸ್ತಿ. ಆದರೆ ಸಂಧಿವಾತ ಇರುವವರಲ್ಲಿ ಶ್ವಾಸಕೋಶ ಕಲೆಗಟ್ಟುವ ಅಪಾಯ ಗಂಡಸರಿಗೆ ಜಾಸ್ತಿ. ಹಾಗಾಗಿ ಗಂಟುನೋವಿನ ಗಂಡಸರೂ ಕೆಮ್ಮನ್ನು ಕಡೆಗಣಿಸಬಾರದು.

ಸೋಂದಾ ಭಾವ

ನಮ್ಮ ಕಡೆ ಹೆಂಗಸರಿಗೆ ಏನಾದರೂ ಒಲೆ ಹೊಗೆ, ಒಲೆ ಹೊಗೆ ಅನ್ನುತ್ತಾರೆ. ಶಿರಸಿ ಸೀಮೆಯಲ್ಲಿ ಗೋಬರ್ ಗ್ಯಾಸ್ ಇಲ್ಲದ ಅಡಿಕೆ ಮನೆ ಹುಡುಕಬೇಕು. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ನಮ್ಮ ಅಮ್ಮನ ಕಾಲಕ್ಕೇ ಬಂದಿತ್ತು. ಈಗ ಸಿಲಿಂಡರೂ ಇದೆ. ಎಲ್ಲವನ್ನೂ ಒಲೆಯ ತಲೆಗೆ ಕಟ್ಟುವುದು ಸರಿಯಲ್ಲ.

ಗಂಗಾವಳಿ

ಭಾವ, ಅಡುಗೆ ಗ್ಯಾಸಿನಲ್ಲಿ ಹೌದು. ಬಚ್ಚಲ ಒಲೆ? ಅದಕ್ಕೆ ಇವತ್ತಿಗೂ ಅಡಿಕೆ ಸಿಪ್ಪೆ, ತೆಂಗಿನ ಮಡಲು, ಹಸಿ ಕಟ್ಟಿಗೆ. ಮಳೆಗಾಲದಲ್ಲಿ ಊದಿ ಊದಿ ಹೊತ್ತಿಸುವವರು ಯಾರು? ಅಡಿಕೆ ಬೇಯಿಸುವ ಹಂಡೆಯ ಮುಂದೆ ರಾತ್ರಿ ಹನ್ನೊಂದರವರೆಗೆ ಕೂರುವವರು ಯಾರು? ಗೋಬರ್ ಗ್ಯಾಸ್ ಇದೆ ಅಂತ ಹೊಗೆ ಮುಗಿದಿಲ್ಲ.

ಸೋಂದಾ ಭಾವ

ಹಂಡೆ ಮುಂದೆ ಗಂಡಸರೂ ಕೂರುತ್ತಾರೆ ತಂಗಿ. ನಮ್ಮ ಮನೆಯಲ್ಲಿ ನಾನೇ.

ಗಂಗಾವಳಿ

ಒಳ್ಳೆಯದು. ಬಚ್ಚಲ ಒಲೆಗೂ ನೀವೇ ಬೆಂಕಿ ಮಾಡಿ ಹಾಗಾದರೆ.

ಹೊನ್ನಾವರದ ಪಿಜಿ

ಇಬ್ಬರೂ ಸರಿ. ಕಟ್ಟಿಗೆ ಹೊಗೆಯಿಂದ ಸಿಓಪಿಡಿ, ಅಂದರೆ ಶ್ವಾಸನಾಳ ಕಿರಿದಾಗುವ ಕಾಯಿಲೆ ಬರುವುದು ಖಚಿತವಾಗಿ ಗೊತ್ತಿರುವ ವಿಷಯ. ಫೈಬ್ರೋಸಿಸ್‌ಗೆ ನಮ್ಮ ಕಡೆ ನಾನು ಮೊದಲು ಕೇಳುವುದು ಬೂಷ್ಟಿನ ಬಗ್ಗೆ. 2017ರಲ್ಲಿ ಭಾರತದ ಐಎಲ್‌ಡಿ ನೋಂದಣಿಯ ವರದಿ ಬಂತು, 1,084 ರೋಗಿಗಳದ್ದು. ಅದರಲ್ಲಿ ಐಪಿಎಫ್ ಶೇ 13.7 ಮಾತ್ರ. ಶೇ 47.3 ಜನರಿಗೆ ಇದ್ದದ್ದು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಬೂಷ್ಟು, ಹಕ್ಕಿಯ ಹಿಕ್ಕೆ ಮತ್ತು ಗರಿಯ ಧೂಳು, ಕೊಳಕು ನೀರಿನ ಏರ್ ಕೂಲರ್, ಇಂಥವನ್ನು ಉಸಿರಾಡಿ ಬರುವ ಅಲರ್ಜಿ ಥರದ ಕಾಯಿಲೆ. ಅದು ಹಾಗೇ ಮುಂದುವರಿದರೆ ಕಲೆಗಟ್ಟುತ್ತದೆ.

ಬೂಷ್ಟು ಹಿಡಿದ ಹುಲ್ಲಿನಿಂದ ಬರುವುದಕ್ಕೆ ‘ಫಾರ್ಮರ್ಸ್ ಲಂಗ್’ ಅಂತಲೇ ಹೆಸರು. ಬೆಳಿಗ್ಗೆ ಅಟ್ಟದಿಂದ ಹುಲ್ಲು ಇಳಿಸಿ ಕೊಟ್ಟಿಗೆಗೆ ಹಾಕಿದವರಿಗೆ ಮಧ್ಯಾಹ್ನದ ಮೇಲೆ ಮೈ ಬಿಸಿ, ಕೆಮ್ಮು, ದಮ್ಮು. ನೆಗಡಿ ಜ್ವರ ಅಂದುಕೊಂಡು ಮಾತ್ರೆ ನುಂಗುತ್ತಾರೆ. ಮರುದಿನ ಮತ್ತೆ ಅದೇ ಹುಲ್ಲು. ತೋಟದಮನೆಯವರೇ, ಆಯಿಗೆ ಹೀಗೆ ಆಗುತ್ತಿತ್ತಾ ಅಂತ ಕೇಳಿ ನೋಡಿ.

ತೋಟದಮನೆ, ಶಿರಸಿ

ಕೇಳಿದೆ. ಮಳೆಗಾಲದಲ್ಲಿ ಸಂಜೆ ಹೊತ್ತಿಗೆ ಮೈ ಕಾಯುತ್ತಿತ್ತಂತೆ. ‘ದಣಿವಿಗೆ ಹಾಗಾಗ್ತದೆ’ ಅಂತ ಯಾರಿಗೂ ಹೇಳಿಲ್ಲ. ಹುಲ್ಲು ಇಳಿಸುವುದು ಮೊದಲಿಂದಲೂ ಅವಳೇ. ನಮ್ಮ ಅಟ್ಟದ ಹುಲ್ಲು ಶ್ರಾವಣದ ಹೊತ್ತಿಗೆ ಕೆಳಗಿನಿಂದ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಎಳೆದರೆ ಹೊಗೆಯೇ ಏಳುತ್ತದೆ. ಇದನ್ನು ಡಾಕ್ಟರಿಗೆ ನಾವು ಯಾರೂ ಹೇಳಿಲ್ಲ. ಅವರು ‘ಮನೆಯಲ್ಲಿ ಪಾರಿವಾಳ ಇದೆಯಾ’ ಅಂತ ಕೇಳಿದ್ದರು, ಇಲ್ಲ ಅಂದಿದ್ದೆವು.

ಹೊನ್ನಾವರದ ಪಿಜಿ

ಇದನ್ನು ಖಂಡಿತ ಹೇಳಿ. ಇದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಅವರು ತೂಗಿ ನೋಡಬೇಕಾದ ವಿಷಯ. ಅಲ್ಲಿಯವರೆಗೆ ಆಯಿಯನ್ನು ಹುಲ್ಲಿನ ಹತ್ತಿರ ಬಿಡಬೇಡಿ. ಅಡಿಕೆಯಲ್ಲೂ ಹಸಿ ಕಾಯಿ ಸುಲಿದರೆ ಧೂಳಿಲ್ಲ. ಒಣಗಿದ ಚಾಲಿ ಸುಲಿಯುವಾಗ ಏಳುವ ಧೂಳು ಬೇಡ. ಬಟ್ಟೆ ಕಟ್ಟಿಕೊಂಡರೆ ಸಾಕಾಗುವುದಿಲ್ಲ.

ಊದು ಅಕ್ಕ

ನಾನು ಊದುವ ಪರೀಕ್ಷೆ ಮಾಡಿಸುವ ಟೆಕ್ನಿಷಿಯನ್, ಮೂಲತಃ ಭಟ್ಕಳ. ನನ್ನ ಕಣ್ಣಿಗೆ ಬಿದ್ದದ್ದು ಹೇಳುತ್ತೇನೆ.

ಗಂಡಸರೂ ಹೆಂಗಸರೂ ಒಂದೇ ಯಂತ್ರಕ್ಕೆ ಊದಿದರೂ ಲೆಕ್ಕ ಒಂದೇ ಅಲ್ಲ. ವಯಸ್ಸು, ಎತ್ತರ, ಗಂಡು ಹೆಣ್ಣು ನೋಡಿ ‘ಇವರಿಗೆ ಇಷ್ಟು ಇರಬೇಕು’ ಅಂತ ಯಂತ್ರ ಲೆಕ್ಕ ಹಾಕುತ್ತದೆ. ಎರಡು ಲೀಟರ್ ಊದಿದರೆ ಗಿಡ್ಡ ಅಜ್ಜಿಗೆ ಅದು ಸರಿಯಾದ ಪ್ರಮಾಣ ಇರಬಹುದು. ಎತ್ತರದ ಗಂಡಸಿಗೆ ಅದು ಬಹಳ ಕಡಿಮೆ. ಹಾಗಾಗಿ ದೊಡ್ಡಪ್ಪನ ಲೀಟರನ್ನೂ ಆಯಿಯ ಲೀಟರನ್ನೂ ಪಕ್ಕಪಕ್ಕ ಇಟ್ಟು ನೋಡಬೇಡಿ. ಶೇಕಡಾ ನೋಡಿ. ಆಮೇಲೆ ಅವರವರದ್ದೇ ಹಿಂದಿನ ರಿಪೋರ್ಟ್ ಜೊತೆ ಹೋಲಿಸಿ.

ಬೆನ್ನು ಬಾಗಿದ ಅಜ್ಜಿಯರ ಎತ್ತರವನ್ನು ಹಾಗೇ ಅಳೆದರೆ ಲೆಕ್ಕ ತಪ್ಪುತ್ತದೆ. ಕೈ ಎರಡೂ ಚಾಚಿಸಿ ತುದಿಯಿಂದ ತುದಿಗೆ ಅಳೆಯಬೇಕು. ಡಿಎಲ್‌ಸಿಓ ಅಂತ ಇನ್ನೊಂದು ಪರೀಕ್ಷೆ ಇದೆ, ಅನಿಲ ರಕ್ತಕ್ಕೆ ಎಷ್ಟು ದಾಟುತ್ತದೆ ಅಂತ ನೋಡುವುದು. ರಕ್ತ ಕಡಿಮೆ ಇದ್ದರೆ ಅದೂ ಕಡಿಮೆ ಬರುತ್ತದೆ. ನಮ್ಮ ಹೆಂಗಸರಲ್ಲಿ ಎಷ್ಟು ಜನಕ್ಕೆ ರಕ್ತ ಕಡಿಮೆ ಅಂತ ಗೊತ್ತೇ ಇದೆ. ಅದಕ್ಕೆ ಹಿಮೋಗ್ಲೋಬಿನ್ ರಿಪೋರ್ಟ್ ಜೊತೆಗೆ ತನ್ನಿ, ಸರಿಪಡಿಸಿ ಲೆಕ್ಕ ಹಾಕಬಹುದು.

ಇನ್ನೊಂದು ಯಾರೂ ಹೇಳದ ವಿಷಯ. ಜೋರಾಗಿ ಊದಿ ಅಂದರೆ ಎಷ್ಟೋ ಹೆಂಗಸರು ಅರ್ಧಕ್ಕೇ ನಿಲ್ಲಿಸುತ್ತಾರೆ. ಮೂತ್ರ ಜಿನುಗುತ್ತದೆ ಅನ್ನುವ ಹೆದರಿಕೆ. ಕೆಮ್ಮಿದಾಗಲೂ ಹಾಗೇ ಆಗುತ್ತಿರುತ್ತದೆ. ಅದಕ್ಕೇ ಮದುವೆ ಮುಂಜಿಗೆ ಹೋಗುವುದು ಬಿಟ್ಟಿರುತ್ತಾರೆ. ನಾನು ಮೊದಲೇ ‘ಬಾತ್‌ರೂಮಿಗೆ ಹೋಗಿ ಬನ್ನಿ ಅಮ್ಮ’ ಅಂತ ಕಳಿಸುತ್ತೇನೆ. ಇದು ನಾಚಿಕೆ ಪಡುವ ವಿಷಯ ಅಲ್ಲ. ಡಾಕ್ಟರಿಗೆ ಹೇಳಿದರೆ ಅದಕ್ಕೂ ವ್ಯಾಯಾಮ, ಚಿಕಿತ್ಸೆ ಇದೆ.

ಸಿದ್ದಾಪುರ ಕೂಸು

ಊದು ಅಕ್ಕ, ಕೈ ಮುಗಿಯುತ್ತೇನೆ. ನನ್ನ ಅತ್ತೆ ಹೊರಗೆ ಹೋಗುವುದು ಬಿಟ್ಟದ್ದು ಯಾಕೆ ಅಂತ ಈಗ ಅರ್ಥವಾಯಿತು.

ಬಿಸಿಲಕೊಪ್ಪ

ಆಡುಸೋಗೆ ಕಷಾಯ ಕೊಡಿ. ಬೆಲ್ಲ, ಕಾಳುಮೆಣಸು ಹಾಕಿ. ನಮ್ಮಜ್ಜನ ಕೆಮ್ಮು ವಾರದಲ್ಲಿ ಹೋಗಿತ್ತು. ಇಂಗ್ಲಿಷ್ ಔಷಧ ಬಿಡಿ, ಹೊಟ್ಟೆ ಕೆಡುತ್ತದೆ.

ಕಡಲಂಚು, ಕಾರವಾರ

ದಯವಿಟ್ಟು ಹೀಗೆ ಬರೆಯಬೇಡಿ. ಕಫದ ಕೆಮ್ಮು ಬೇರೆ, ಇದು ಬೇರೆ. ಮಾತ್ರೆ ಬಿಟ್ಟು ಕಷಾಯ ಕುಡಿದು ಕೂತರೆ ಇರುವ ಉಸಿರೂ ಹೋಗುತ್ತದೆ.

ಹೊನ್ನಾವರದ ಪಿಜಿ

ಕಲೆ ಒಮ್ಮೆ ಆದರೆ ಕರಗಿಸುವ ಔಷಧ ಯಾವ ಪದ್ಧತಿಯಲ್ಲೂ ಇಲ್ಲ. ಪಿರ್ಫೆನಿಡೋನ್, ನಿಂಟೆಡಾನಿಬ್ ಎರಡೂ ಕಾಯಿಲೆಯ ವೇಗ ತಗ್ಗಿಸುತ್ತವೆ, ಅಷ್ಟೇ. ಎರಡಕ್ಕೂ ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಭಾರತೀಯ ಕಂಪನಿಗಳೂ ಮಾಡುತ್ತವೆ. ಎರಡೂ ಯಕೃತ್ತಿಗೆ ತೊಂದರೆ ಕೊಡಬಹುದು, ಆಗಾಗ ರಕ್ತ ಪರೀಕ್ಷೆ ಬೇಕು. ಅದಕ್ಕೇ ಕಷಾಯ ಕುಡಿಯುತ್ತಿದ್ದರೆ ಮುಚ್ಚಿಡದೆ ಹೇಳಿ.

ಪಿರ್ಫೆನಿಡೋನ್ ತಿನ್ನುವವರಿಗೆ ಬಿಸಿಲಿಗೆ ಚರ್ಮ ಕೆಂಪಾಗಿ ಸುಡುತ್ತದೆ. ಅಂಗಳದಲ್ಲಿ ಅಡಿಕೆ ಹರವೋಕೆ ಮಧ್ಯಾಹ್ನ ಇಳಿಯಬಾರದು. ಊಟದ ಜೊತೆಗೇ ತಿನ್ನಬೇಕು. ಬೀಡಿ ಸೇದುತ್ತಿದ್ದರೆ ಆ ಔಷಧ ಮೈಗೆ ಹತ್ತುವುದೇ ಕಡಿಮೆ. ನಿಂಟೆಡಾನಿಬ್‌ನಲ್ಲಿ ಭೇದಿ ಮುಖ್ಯ ತೊಂದರೆ. ಹೆಂಗಸರಿಗೆ ಅದರ ಅಡ್ಡ ಪರಿಣಾಮ ಜಾಸ್ತಿ: ವಾಂತಿ, ಯಕೃತ್ತಿನ ರಿಪೋರ್ಟ್ ಏರುವುದು. ಡೋಸ್ ಇಳಿಸಬೇಕಾಗಿ ಬರುವುದೂ ಅವರಲ್ಲೇ ಜಾಸ್ತಿ. 150 ಮಿಲಿಗ್ರಾಂನಿಂದ 100ಕ್ಕೆ ಇಳಿಸಿಕೊಡುತ್ತಾರೆ. ತಾವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಗರ್ಭಿಣಿಯರಿಗೆ ನಿಂಟೆಡಾನಿಬ್ ಕೂಡದು, ಗರ್ಭಿಣಿಯಾಗುವ ವಯಸ್ಸಿನವರಿಗೆ ಕೊಟ್ಟರೆ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಮೂವತ್ತರ ಹರೆಯದಲ್ಲೇ ಸ್ಕ್ಲೆರೋಡರ್ಮಾ ಬಂದವರು ಇದ್ದಾರೆ, ಅವರಿಗೆ ಇದು ದೊಡ್ಡ ವಿಷಯ.

ಹಾಂ, ಮೂತ್ರದ ಸೋಂಕು ಮತ್ತೆ ಮತ್ತೆ ಬರುವವರಿಗೆ ನೈಟ್ರೋಫ್ಯುರಾಂಟಾಯಿನ್ ಅಂತ ಮಾತ್ರೆ ತಿಂಗಳುಗಟ್ಟಲೆ ಕೊಡುವುದುಂಟು. ಅದರಿಂದಲೂ ಶ್ವಾಸಕೋಶ ಕಲೆಗಟ್ಟಬಹುದು. ತಿನ್ನುವವರು ಹೆಂಗಸರೇ ಜಾಸ್ತಿ. ಹಳೇ ಚೀಟಿ ಹುಡುಕಿ.

ಯಲ್ಲಾಪುರ ಘಟ್ಟ

ಎಲ್ಲ ಸರಿ, ಡಿಎಲ್‌ಸಿಓ ಮಾಡಿಸೋಕೆ ಹುಬ್ಬಳ್ಳಿಯೋ ಮಣಿಪಾಲವೋ ಮಂಗಳೂರೋ ಗೋವಾವೋ ಅಲ್ವಾ? ನಮ್ಮ ಜಿಲ್ಲೆಗೆ ದೊಡ್ಡಾಸ್ಪತ್ರೆ ಬೇಕು ಅಂತ 2022ರಲ್ಲಿ ಎಷ್ಟು ಕೂಗಿದೆವು. ಅರಬೈಲ್ ಘಟ್ಟ ಕುಸಿದರೆ ಒಂದು ದಿಕ್ಕು ಬಂದ್, ದೇವಿಮನೆ ಕುಸಿದರೆ ಇನ್ನೊಂದು ದಿಕ್ಕು ಬಂದ್.

ಅಂಕೋಲೆ ಮೇಷ್ಟ್ರು

2024ರ ಜುಲೈಯಲ್ಲಿ ಶಿರೂರು ಗುಡ್ಡ ಕುಸಿದಾಗ ಹೆದ್ದಾರಿ ಬಂದ್. ನನ್ನ ಹೆಂಡತಿಗೆ ಮಣಿಪಾಲದಲ್ಲಿ ತಪಾಸಣೆ ಇತ್ತು. ಆಕ್ಸಿಜನ್ ಸಿಲಿಂಡರ್ ಕಾರಿನಲ್ಲಿಟ್ಟುಕೊಂಡು ಸುತ್ತು ದಾರಿ ಹಿಡಿಯುವ ಧೈರ್ಯ ಬರಲಿಲ್ಲ. ಮಳೆಗಾಲಕ್ಕೆ ಮೊದಲೇ ಒಂದು ತಪಾಸಣೆ ಮುಗಿಸಿ, ಮಾತ್ರೆ ಜಾಸ್ತಿ ತಂದಿಟ್ಟುಕೊಳ್ಳಿ.

ಕರೆಂಟಿನ ಮಾತೂ ಹೇಳಿಬಿಡುತ್ತೇನೆ. ಗಾಳಿಯಿಂದ ಆಕ್ಸಿಜನ್ ತೆಗೆದುಕೊಡುವ ಐದು ಲೀಟರಿನ ಕಾನ್ಸಂಟ್ರೇಟರ್ ಯಂತ್ರ 300–400 ವಾಟ್ ಎಳೆಯುತ್ತದೆ. ಮನೆಯ ಸಾಮಾನ್ಯ ಇನ್ವರ್ಟರ್ ಮೂರು ನಾಲ್ಕು ಗಂಟೆ ಎಳೆದರೆ ದೊಡ್ಡದು. ಗಾಳಿಮಳೆಗೆ ಕಂಬ ಬಿದ್ದರೆ ಎರಡು ದಿನ ಕರೆಂಟಿಲ್ಲ. ದೊಡ್ಡ ಸಿಲಿಂಡರ್ ಒಂದು ತುಂಬಿಸಿ ಇಟ್ಟಿರಲೇಬೇಕು.

ಗಂಗಾವಳಿ

ಮೇಷ್ಟ್ರೇ, ಅಡುಗೆ ಯಾರು ಮಾಡುತ್ತಾರೆ? ತಪ್ಪು ತಿಳಿಯಬೇಡಿ. ನಾನು ನೋಡಿದ ಮನೆಗಳಲ್ಲಿ ಗಂಡನಿಗೆ ಆಕ್ಸಿಜನ್ ಬಂದರೆ ಹೆಂಡತಿ ಪಕ್ಕದಲ್ಲೇ ಕೂರುತ್ತಾಳೆ. ಹೆಂಡತಿಗೆ ಬಂದರೆ ಮೂಗಿಗೆ ನಳಿಕೆ ಹಾಕಿಕೊಂಡೇ ಅವಳು ಅಡುಗೆಮನೆಗೆ ಹೋಗುತ್ತಾಳೆ.

ಅಂಕೋಲೆ ಮೇಷ್ಟ್ರು

ನಮ್ಮ ಮನೆಯಲ್ಲಿ ಅಡುಗೆ ನನ್ನದು. ನಿವೃತ್ತಿ ಆದ ಮೇಲೆ ಕಲಿತೆ. ಎಲ್ಲ ಗಂಡಸರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ತಂಗಿ. ಆದರೆ ನಿಮ್ಮ ಮಾತಿನಲ್ಲಿ ಒಂದು ದೊಡ್ಡ ಅಪಾಯ ಅಡಗಿದೆ, ಅದನ್ನು ಎಲ್ಲರೂ ಗಮನಿಸಿ. ಆಕ್ಸಿಜನ್ ಹಾಕಿಕೊಂಡು ಬೆಂಕಿಯ ಹತ್ತಿರ ಹೋಗಲೇಬಾರದು. ಗ್ಯಾಸ್ ಒಲೆ, ಬಚ್ಚಲ ಒಲೆ, ದೇವರ ದೀಪ, ಬೀಡಿ, ಯಾವುದೂ ಬೇಡ. ಸೀರೆ ಸೆರಗಿಗೆ ಕಿಡಿ ತಾಗಿದರೆ ಆರಿಸೋಕೆ ಆಗುವುದಿಲ್ಲ.

ಊದು ಅಕ್ಕ

ಬೆರಳಿಗೆ ಹಾಕುವ ಆಕ್ಸಿಮೀಟರ್ ಬಗ್ಗೆಯೂ ಕೇಳಿ. ಕೂತಾಗ 95 ತೋರಿಸಿತು ಅಂತ ಸಮಾಧಾನ ಪಡಬೇಡಿ. ಈ ಕಾಯಿಲೆಯಲ್ಲಿ ನಡೆದಾಗ ಇಳಿಯುತ್ತದೆ. ಆರು ನಿಮಿಷ ನಡೆಸಿ ನೋಡುವ ಪರೀಕ್ಷೆ ಅದಕ್ಕೇ ಇರುವುದು. ಹೆಂಗಸರು ನೀರು ಹೊತ್ತು, ಬಗ್ಗಿ ಗುಡಿಸಿ ಆದ ತಕ್ಷಣ ಒಮ್ಮೆ ಹಾಕಿ ನೋಡಿ. ಉಗುರಿಗೆ ಗಾಢ ಬಣ್ಣ, ಮದರಂಗಿ ಇದ್ದರೆ ತಪ್ಪು ತೋರಿಸಬಹುದು. ಒಂದು ಬೆರಳಿಗೆ ಹಾಕದೆ ಬಿಡಿ.

ಕುಮಟಾ ಕಿಟ್ಟು

ಶ್ವಾಸಕೋಶ ಕಸಿ ಮಾಡಿಸಬಹುದಲ್ಲ? ಅದರಲ್ಲೂ ವ್ಯತ್ಯಾಸ ಇದೆಯಾ?

ಹೊನ್ನಾವರದ ಪಿಜಿ

ಇದೆ. ದಾನಿಯ ಶ್ವಾಸಕೋಶ ಎದೆಗೂಡಿಗೆ ಹೊಂದಬೇಕು. ಗಿಡ್ಡ ಹೆಂಗಸರಿಗೆ ಸರಿಯಾದ ಅಳತೆಯದ್ದು ಸಿಗುವುದು ಕಷ್ಟ. ಹೆರಿಗೆಯಾದವರ ರಕ್ತದಲ್ಲಿ ಬೇರೆಯವರ ಅಂಗವನ್ನು ತಿರಸ್ಕರಿಸುವ ಪ್ರತಿಕಾಯಗಳೂ ಇರಬಹುದು. ಅದಕ್ಕೆ ಅವರು ಕಾಯುವುದು ಜಾಸ್ತಿ. ಎಲ್ಲರಿಗೂ ಕಸಿ ಆಗುವುದಿಲ್ಲ, ವಯಸ್ಸೂ ನೋಡುತ್ತಾರೆ.

ತೋಟದಮನೆ, ಶಿರಸಿ

ಎಲ್ಲರಿಗೂ ತುಂಬಾ ಉಪಕಾರವಾಯಿತು. ಇವತ್ತು ಆಯಿಗೆ ಕಡಲಂಚು ಅಕ್ಕನ ಮಾತು, ಊದು ಅಕ್ಕನ ಮಾತು ಓದಿ ಹೇಳಿದೆ. ‘ನನಗೂ ಬಾಯಿ ಒಣಗ್ತದೆ’ ಅಂದಳು. ಇಷ್ಟು ದಿನ ಹೇಳಿರಲಿಲ್ಲ. ಹುಲ್ಲು ಇಳಿಸುವುದು ಇನ್ನು ತಮ್ಮನ ಕೆಲಸ ಅಂತ ಅಪ್ಪಯ್ಯ ಹೇಳಿದ್ದಾನೆ. ಮುಂದಿನ ಸೋಮವಾರ ತಪಾಸಣೆ ಇದೆ. ಏನೇನು ಒಯ್ಯಬೇಕು?

ಹೊನ್ನಾವರದ ಪಿಜಿ

ಸ್ಕ್ಯಾನ್‌ನ ರಿಪೋರ್ಟ್ ಹಾಳೆ ಸಾಲದು, ಸಿಡಿಯನ್ನೂ ಒಯ್ಯಿರಿ. ಹಳೇ ಎದೆ ಎಕ್ಸ್‌ರೇ ಎಷ್ಟು ಹಿಂದಿನದಾದರೂ ಇರಲಿ, ಕಲೆ ಯಾವಾಗ ಶುರುವಾಯಿತು ಅಂತ ಅದರಿಂದ ಗೊತ್ತಾಗುತ್ತದೆ. ಹಿಮೋಗ್ಲೋಬಿನ್ ರಿಪೋರ್ಟ್, ತಿಂದ ಎಲ್ಲ ಮಾತ್ರೆಗಳ ಚೀಟಿ. ಹುಲ್ಲಿನ ವಿಷಯ, ಸಂಜೆ ಜ್ವರದ ವಿಷಯ, ಬಾಯಿ ಒಣಗುವುದು, ಇವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ರಕ್ಷಣಾ ಪಡೆ ತಿರುಗಿಬಿದ್ದಿದೆಯಾ ಅಂತ ನೋಡುವ ಎಎನ್‌ಎ, ಸಂಧಿವಾತದ ಆಂಟಿ ಸಿಸಿಪಿ ರಕ್ತ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಇಬ್ಬರಿಗೂ ಕೇಳಿ, ದೊಡ್ಡಪ್ಪನಿಗೂ. ಮಾತಾಡುವಾಗ ಆಯಿಯೇ ಮಾತಾಡಲಿ, ನೀವು ಪಕ್ಕದಲ್ಲಿದ್ದು ಮರೆತದ್ದನ್ನು ನೆನಪಿಸಿ.

ಊದು ಅಕ್ಕ

ಊದುವ ಪರೀಕ್ಷೆ ಇದ್ದರೆ ಹೊಟ್ಟೆ ತುಂಬ ಊಟ ಮಾಡಿಸಬೇಡಿ, ಸೀರೆ ಸೊಂಟಕ್ಕೆ ಬಿಗಿಯಾಗಿ ಕಟ್ಟಿರಬಾರದು. ಹಲ್ಲಿನ ಸೆಟ್ ಗಟ್ಟಿಯಾಗಿ ಕೂತಿದ್ದರೆ ಹಾಕಿಕೊಂಡೇ ಬರಲಿ, ಸಡಿಲ ಇದ್ದರೆ ಮಾತ್ರ ತೆಗೆಸುತ್ತಾರೆ.